ಗೋಡೆ ಸಮೇತ

ನರ್ಸಮ್ಮನ ಬಿಳಿ ಕೋಟಿನ ಪಕ್ಕೆಯ ಹೊಲಿಗೆಯನ್ನು ಬಿಚ್ಚಿ, ಹೊಸ ಗುರುತಿನ ಮೇಲೆ ಗುಂಡುಸೂಜಿ ಚುಚ್ಚುತ್ತ ಅವಳು ತೋಳಿನ ಬುಡದವರೆಗೆ ಬಂದಿದ್ದಳು. ಉಳಿದ ಸೂಜಿಗಳು ತುಟಿಗಳ ನಡುವೆ ಸಾಲಾಗಿ ಕೂತಿದ್ದವು. ಈ ಕೆಲಸ ಮಾಡುವಾಗ ಅವಳು ಯಾರ ಜೊತೆಯೂ ಮಾತಾಡುವುದಿಲ್ಲ, ಮಾತಾಡಲು ಆಗುವುದೂ ಇಲ್ಲ. ದಿನದಲ್ಲಿ ಅವಳಿಗೆ ಅತ್ಯಂತ ಹಿತವಾದ ಹೊತ್ತು ಇದೇ ಆಗಿರುವುದಕ್ಕೆ ಅದೂ ಒಂದು ಕಾರಣವಿದ್ದೀತು.

ಅಷ್ಟರಲ್ಲಿ ಕಿಟಕಿಯ ಹೊರಗೆ, ರಸ್ತೆಯ ಕಡೆಯಿಂದ, ಗಂಡಸೊಬ್ಬ ಬಿಕ್ಕಿದ ಹಾಗೆ ಕೇಳಿಸಿತು.

"ಏನು ಕಷ್ಟ ಪಟ್ಟಿದೆ ನೋಡ್ರೀ, ಪಾಪ. ಈ ಮಟ್ಟದ ಕಷ್ಟ ನಾನು ಬೆಟ್ಟದ ಮೇಲೂ ನೋಡಿಲ್ಲ."

ಅವಳು ಗಾಬರಿಯಾಗಲಿಲ್ಲ. ಗಂಡನ ಬೋನ್ಸಾಯ್ ಸಂಘದವರಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲವೆಂಬುದು ಅವಳಿಗೆ ಗೊತ್ತಿತ್ತು. ರಜೆ ಬಂತೆಂದರೆ ಹಾರೆ, ಗರಗಸ, ಒದ್ದೆ ಗೋಣಿಚೀಲ ಹೊತ್ತು ಅವರು ಬೆಟ್ಟ ಹತ್ತುತ್ತಿದ್ದರು. ಬಂಡೆಯ ಸೀಳಿನಲ್ಲಿ ಹುಟ್ಟಿ, ಗಾಳಿಗೆ ಬಗ್ಗಿ, ಮೇಕೆಗೆ ಮೇವಾಗಿ, ವರ್ಷಗಟ್ಟಲೆ ಮೊಣಕಾಲೆತ್ತರಕ್ಕೇ ನಿಂತುಬಿಟ್ಟ ಮರಗಳನ್ನು ಹುಡುಕಿ ತಂದು ಕುಂಡದಲ್ಲಿ ಇಡುವುದು ಅವರ ಹುಚ್ಚು. ಸುಖವಾಗಿ ನೆಟ್ಟಗೆ ಬೆಳೆದ ಮರ ಅವರ ಪಾಲಿಗೆ ಸೌದೆ.

ಆ ದಿನ ಅವರು ಬರಿಗೈಯಲ್ಲಿ ವಾಪಸಾಗಿದ್ದರು. ಕಳೆದ ವರ್ಷವೇ ಸುತ್ತ ಕಾಲುವೆ ತೋಡಿ, ಒಂದು ಮಗ್ಗುಲಿನ ಬೇರು ಕತ್ತರಿಸಿ, ಎಳೆ ಬೇರು ಬರಲೆಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದ ಮರವನ್ನು ಮೇಕೆಯೊಂದು ಬುಡಸಮೇತ ಮುಗಿಸಿತ್ತು. ಕೈಕಾಲು ತೊಳೆಯಲು ಮನೆಯ ಪಕ್ಕದ ನಲ್ಲಿಯ ಹತ್ತಿರ ನಿಂತವರು ತಲೆ ಎತ್ತಿ ನೋಡಿದರೆ, ಅವಳ ಹೊಲಿಗೆ ಕೋಣೆಯ ಗೋಡೆಯಲ್ಲಿ, ಕಿಟಕಿಯ ಕೆಳಗೆ, ಕಾಡು ಅತ್ತಿ.

ಅದು ಅಲ್ಲಿರುವುದು ಅವಳಿಗೆ ಹೊಸದಲ್ಲ. ಯಾವುದೋ ಹಕ್ಕಿ ಉದುರಿಸಿಹೋದ ಬೀಜ. ಮುಷ್ಟಿ ಬಿಗಿದಂಥ ಕಾಂಡ, ಗುಂಡಿಯಷ್ಟಗಲದ ಎಲೆ. ಆರಿದ ಚಹಾ, ಇಸ್ತ್ರಿಗೆಂದು ಇಟ್ಟ ನೀರಿನಲ್ಲಿ ಉಳಿದದ್ದು, ಎಲ್ಲವನ್ನೂ ಅವಳು ಕಿಟಕಿಯಿಂದ ಹೊರಗೆ ಚೆಲ್ಲುತ್ತ ಬಂದಿದ್ದಳು. ಮರ ಅದನ್ನೇ ಕುಡಿದುಕೊಂಡು ಬಾಯಿ ಮುಚ್ಚಿಕೊಂಡಿತ್ತು.

ಸ್ವಲ್ಪ ಹೊತ್ತಿಗೆ ಮೂವರೂ ಕೋಣೆಯೊಳಗೆ ಬಂದರು. ಮುಂದೆ ಅಧ್ಯಕ್ಷರು. ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರಾಗಿ ನಿವೃತ್ತರಾದ ಅವರು ಏನು ಹೇಳಿದರೂ ಗಾಡಿ ಬರುವ ಸೂಚನೆ ಕೊಟ್ಟಂತೆ ಹೇಳುತ್ತಿದ್ದರು. ಅವರ ಹಿಂದೆ ಹಲ್ಲಿನ ಡಾಕ್ಟರು, ಸಂಘದಲ್ಲಿ ಕೊಂಬೆಗಳನ್ನು ಬಗ್ಗಿಸಲು ತಂತಿ ಸುತ್ತುವುದರಲ್ಲಿ ಎತ್ತಿದ ಕೈ. ಕೊನೆಯಲ್ಲಿ ಅವಳ ಗಂಡ. ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಅವನಿಗೆ ಸಣ್ಣದಾಗಿದ್ದಷ್ಟೂ ವಸ್ತು ಚೆನ್ನಾಗಿ ಕಾಣುತ್ತಿತ್ತು.

"ಏಳಮ್ಮಾ ಸ್ವಲ್ಪ," ಎಂದರು ಅಧ್ಯಕ್ಷರು. ಅವಳು ಎದ್ದಳು. ಅವರು ಅವಳ ಸ್ಟೂಲಿನ ಮೇಲೆ ಕೂತು ಗೋಡೆಯನ್ನು ದಿಟ್ಟಿಸಿದರು. ಒಳಗಡೆ, ಕಿಟಕಿಯ ಕಟ್ಟೆಯ ಕೆಳಗೆ, ಸುಣ್ಣವನ್ನು ಸೀಳಿಕೊಂಡು ಬಂದ ಬೇರೊಂದು ಮತ್ತೆ ಗೋಡೆಯೊಳಗೇ ನುಸುಳಿತ್ತು. ಮರ ಸಿಕ್ಕರೆ ಮೊದಲು ಅದರ ಎದುರು ಒಬ್ಬೊಬ್ಬರಾಗಿ ಕೂತು, ಮಾತಾಡದೆ ನೋಡಿ, ಅದರ ಮುಂಭಾಗ ಯಾವುದೆಂದು ಗೊತ್ತು ಮಾಡಿಕೊಳ್ಳುವುದು ಸಂಘದ ಪದ್ಧತಿ. ಹಾಗಾಗಿ ಡಾಕ್ಟರೂ ಕೂತು ನೋಡಿದರು, ಗಂಡನೂ ಕೂತು ನೋಡಿದ. ಅವಳು ಕೋಟು ಹಿಡಿದು ನಿಂತೇ ಇದ್ದಳು.

"ಊರ ಮಣ್ಣು ಬಿಡಿಸದೆ ತರಬೇಕು ಅಂತ ನಾನು ಬಡ್ಕೊಳ್ತಾನೇ ಇರ್ತೀನಿ," ಎಂದರು ಅಧ್ಯಕ್ಷರು. "ಬೇರು ಹಿಡಿದಿರೋ ಮಣ್ಣನ್ನ ಬೇರಿನ ಜೊತೇಲೇ ಎತ್ತಬೇಕು. ಇದರ ಮಣ್ಣು ಯಾವುದು ಹೇಳಿ?"

"ಗೋಡೆ," ಎಂದ ಗಂಡ, ಮೆಲ್ಲಗೆ.

"ಅಮ್ಮಾ, ಗೋಡೆ ಸಮೇತ ಎತ್ತೋಕೆ ನಿಮ್ಮದೇನೂ ಅಭ್ಯಂತರ ಇಲ್ಲವಲ್ಲ?" ಎಂದರು ಅಧ್ಯಕ್ಷರು.

ಅವಳು ತುಟಿ ಬಿಚ್ಚಿದ್ದರೆ ಸೂಜಿಗಳೆಲ್ಲ ನರ್ಸಮ್ಮನ ಕೋಟಿನ ಮೇಲೆ ಉದುರುತ್ತಿದ್ದವು. ಕೈ ಅಡ್ಡ ಹಿಡಿದು ಸೂಜಿಗಳನ್ನು ಒಂದೊಂದಾಗಿ ತೆಗೆಯುವಷ್ಟರಲ್ಲಿ ಮೂವರೂ ಒಬ್ಬರ ಕೈ ಒಬ್ಬರು ಕುಲುಕಿ ಚಹಾಕ್ಕೆ ಹೋಗಿದ್ದರು.

ಆ ಕೋಣೆಯನ್ನು ಅವಳಿಗೆ ಯಾರೂ ಕೊಟ್ಟದ್ದಲ್ಲ. ಅಂಗಳದ ಪಕ್ಕದಲ್ಲಿ ರಸ್ತೆಯ ಅಂಚಿನವರೆಗೂ ಚಾಚಿದ್ದ, ಮನೆಯ ಹಳೇ ಸಾಮಾನು ತುಂಬುವ ಕೋಣೆ ಅದು. ಟ್ರಂಕುಗಳ ನಡುವೆ ಮಷೀನು ಇಟ್ಟುಕೊಂಡು ಒಂದು ದಿನ ಕೂತಳು, ಮರುದಿನವೂ ಕೂತಳು. ಟ್ರಂಕುಗಳು ಒಂದೊಂದಾಗಿ ತಾವೇ ಸರಿದವು. ಗಂಡ ಪ್ರೀತಿಯವನೇ. ಆದರೆ ಮಹಡಿ, ಮೆಟ್ಟಿಲು, ಬಚ್ಚಲ ಕಿಟಕಿ ಎಲ್ಲ ಕಡೆಯೂ ಅವನ ಕುಂಡಗಳು. ಅಡುಗೆಮನೆ ಅತ್ತೆಯ ಕಣ್ಣಳತೆಯಲ್ಲಿತ್ತು. ಅವಳ ಪಾಲಿಗೆ ಉಳಿದದ್ದು ಇದೊಂದೇ, ನಾಲ್ಕು ಗೋಡೆ.

ಗಿರಾಕಿಗಳು ಬರುತ್ತಿದ್ದುದು ಮುಂಬಾಗಿಲಿನಿಂದ. ಮುಂಬಾಗಿಲಲ್ಲಿ ಅತ್ತೆಯ ಕುರ್ಚಿ. ಸೊಂಟದ ಅಳತೆ ಕೊಡಲು ಬಂದವರು ಸಂಸಾರದ ಅಳತೆಯನ್ನೂ ಕೊಟ್ಟು ಹೋಗಬೇಕಾಗುತ್ತಿತ್ತು. "ಹೋದ ಸಲಕ್ಕಿಂತ ದಪ್ಪ ಆಗಿದೀಯಲ್ಲೇ, ಗಂಡ ವಾಪಸ್ ಬಂದನಾ?" ಎಂದು ಕೇಳಿಸಿಕೊಂಡವಳು ಮುಂದಿನ ಸಲ ಬಟ್ಟೆಯನ್ನು ಬೇರೆ ದರ್ಜಿಗೆ ಕೊಡುತ್ತಿದ್ದಳು. ನರ್ಸಮ್ಮ ಮಾತ್ರ ಎದೆಗಾತಿ. ಅತ್ತೆ ಬಾಯಿ ತೆಗೆಯುವ ಮೊದಲೇ "ಬಿಪಿ ನೋಡ್ಲಾ ಅಜ್ಜಿ?" ಎಂದು ದಾಟಿಕೊಂಡು ಬಂದುಬಿಡುತ್ತಿದ್ದಳು.

ಆ ರಾತ್ರಿ ಊಟಕ್ಕೆ ಕೂತಾಗ ಅವಳು ಕೇಳಿದಳು. "ಗೋಡೆ ತೆಗೆದ್ರೆ ಕೋಣೆ ಹೇಗ್ರೀ ಕೋಣೆಯಾಗಿರುತ್ತೆ?"

"ಇನ್ನೂ ಮೂರು ಇರ್ತವಲ್ಲೇ."

"ನಾನು ತಮಾಷೆ ಮಾಡ್ತಿಲ್ಲ."

"ನಾನೂ ಇಲ್ಲ. ನೋಡು, ಗೋಡೆ ಯಾರು ಬೇಕಾದ್ರೂ ಕಟ್ತಾರೆ. ಅಂಥ ಬೇರು ಯಾರ ಕೈಲಾದ್ರೂ ಆಗುತ್ತಾ? ಮರ ಹೋದ ಮೇಲೆ ಮೊದಲಿನ ಹಾಗೇ ಕಟ್ಟಿಸಿಕೊಡ್ತೀನಿ. ನನ್ನ ಮಾತು."

"ಅದು ನಿಮ್ಮಪ್ಪ ಕಟ್ಟಿಸಿದ ಗೋಡೆ ಕಣೋ," ಎಂದರು ಅತ್ತೆ.

"ಅದಕ್ಕೇ ಅಮ್ಮ, ಅಷ್ಟು ಬಿರುಕು."

ಅತ್ತೆ ತಟ್ಟೆ ಸರಿಸಿ ಎದ್ದರು. "ಅವರು ಇದ್ದಾಗಲೂ ನನ್ನ ಮಾತು ಯಾರೂ ಕೇಳ್ತಿರಲಿಲ್ಲ. ಈಗ ನೀನೂ ಕೇಳಬೇಡ. ಮಾಡು ಬೇಡ ಅಂತ ನಾನೇನೂ ಹೇಳಿಲ್ಲ, ನೆನಪಿರಲಿ."

ಮರುದಿನ ಡಾಕ್ಟರು ಪುಟ್ಟ ಸುತ್ತಿಗೆ, ಕಡ್ಡಿಯ ತುದಿಯ ಕನ್ನಡಿ ತಂದು ಗೋಡೆಯನ್ನು ತಟ್ಟುತ್ತ ಹೋದರು. ಬೇರು ಇದ್ದ ಕಡೆ ಸೀಮೆಸುಣ್ಣದ ಗೆರೆ. "ನೋವಾದ್ರೆ ಕೈ ಎತ್ತಿ," ಎಂದು ಅಭ್ಯಾಸಬಲದಿಂದ ಗೋಡೆಗೆ ಹೇಳಿಬಿಟ್ಟು, ಅವಳ ಕಡೆ ನೋಡಿ ನಕ್ಕರು. ಅವಳಿಗೆ ಕೈ ಎತ್ತಬೇಕೆನಿಸಿತು. ಗೆರೆ ಕಿಟಕಿಯಿಂದ ಆಚೆ ಹೋಯಿತು, ಮೂಲೆಗೆ ಹೋಯಿತು, ಮೇಲೆ ತೊಲೆಯ ತನಕ ಹತ್ತಿತು. ಸಂಜೆಯ ಹೊತ್ತಿಗೆ ರಸ್ತೆಯ ಕಡೆಯ ಇಡೀ ಗೋಡೆ ಬೇರಿನ ಉಂಡೆಯೆಂದು ತೀರ್ಮಾನವಾಯಿತು.

ಬೇರನ್ನು ಒಂದೇ ಸಲಕ್ಕೆ ಕಡಿಯುವಂತಿಲ್ಲ. ಆ ವರ್ಷ ಎಡಗಡೆ, ಮರುವರ್ಷ ಬಲಗಡೆ. ಮಾಡು ಕುಸಿಯದಿರಲೆಂದು ಕೋಣೆಯೊಳಗೆ ಕಬ್ಬಿಣದ ಕಂಬಗಳು ನಿಂತವು. ಗೋಡೆಗೆ ಒದ್ದೆ ಗೋಣಿ ಹೊದಿಸಿದರು. ಗಂಡ ಅಂಗಡಿಗೆ ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ ಅದರ ಮೇಲೆ ನೀರು ಸಿಂಪಡಿಸುತ್ತಿದ್ದ.

"ಇನ್ನೊಂದು ಸಣ್ಣ ವಿಷಯ," ಎಂದ ಒಂದು ಬೆಳಿಗ್ಗೆ, ಸಿಂಪಡಿಸುತ್ತಲೇ. "ಮಷೀನು ಓಡಿಸಬೇಡ. ಆ ಅದುರಾಟಕ್ಕೆ ಎಳೇ ಬೇರು ಹರಿದುಹೋಗುತ್ತೆ."

"ಮಷೀನಿಲ್ಲದೆ ಹೇಗೆ ಹೊಲೀಲಿ?"

"ಕೈಯಲ್ಲಿ. ಮೊದಲೆಲ್ಲ ಎಲ್ಲರೂ ಹಾಗೇ ಹೊಲೀತಿದ್ದರಂತೆ."

ಅವಳು ಕೈಯಲ್ಲಿ ಹೊಲಿದಳು. ಒಂದು ಪ್ಯಾಂಟಿಗೆ ಇಡೀ ದಿನ ಹಿಡಿಯಿತು. ಹೇಳಿದ ದಿನಕ್ಕೆ ಬಟ್ಟೆ ಸಿಗಲಿಲ್ಲವೆಂದು ಬರುತ್ತಿದ್ದ ನಾಲ್ಕಾರು ಜನರೂ ಕಡಿಮೆಯಾದರು. ಶಾಲೆಯ ಸಮವಸ್ತ್ರದ ಕೆಲಸ ಇನ್ನೊಬ್ಬರ ಪಾಲಾಯಿತು. ಕಂಬಗಳ ನಡುವೆ, ಒದ್ದೆ ಗೋಣಿಯ ವಾಸನೆಯಲ್ಲಿ ಕೂತು, ಮಷೀನಿನ ಮೇಲೆ ಹಾಸಿದ ಬಟ್ಟೆಯ ಧೂಳು ಕೊಡವುವಾಗೆಲ್ಲ ಅವಳಿಗೆ ಒಂದೇ ಯೋಚನೆ. ಗೋಡೆ ಹೋದ ಮೇಲೆ ಟ್ರಂಕುಗಳು ವಾಪಸ್ ಬರುತ್ತವೆ. ಬಯಲಾದ ಕೋಣೆಯಲ್ಲಿ ಹೆಂಗಸು ಕೂತು ಹೊಲಿಯಲಾಗುವುದಿಲ್ಲ ಎಂದು ಯಾರಾದರೂ ಒಬ್ಬರು ಹೇಳುತ್ತಾರೆ, ಉಳಿದವರು ತಲೆ ಆಡಿಸುತ್ತಾರೆ, ಅಲ್ಲಿಗೆ ಮುಗಿಯಿತು. ಮಷೀನು ಮಲಗುವ ಕೋಣೆಯಲ್ಲಿ ಹಿಡಿಸುತ್ತದೋ ಎಂದು ಅವಳು ಟೇಪು ಹಿಡಿದು ಅಳೆದೂ ನೋಡಿದಳು. ಹಿಡಿಸುತ್ತಿತ್ತು, ಮಂಚ ತೆಗೆದರೆ.

ಗೋಡೆ ಎತ್ತುವ ದಿನ ಕ್ರೇನಿನವನು ಮನೆಯನ್ನು ಸುತ್ತು ಹಾಕಿ ಬಂದು ಗಂಡನನ್ನು ಕೇಳಿದ. "ಮನೆ ಬಿಟ್ಟು ಗೋಡೆ ಒಂದೇನಾ ಸಾರ್?"

"ಹೌದು. ಅಲುಗಾಡಬಾರದು."

"ಒಡೆಸೋರನ್ನ ನೋಡಿದೀನಿ, ಕಟ್ಟಿಸೋರನ್ನ ನೋಡಿದೀನಿ. ನೀವು ಮೂರನೇ ಥರ."

ಕಬ್ಬಿಣದ ಚೌಕಟ್ಟು ತೊಡಿಸಿದ ಗೋಡೆ ಮೆಲ್ಲಗೆ ಮೇಲೆದ್ದಿತು, ಕಿಟಕಿ ಸಮೇತ, ಕಿಟಕಿಯ ಪರದೆ ಸಮೇತ, ಅವಳ ಅಳತೆ ಟೇಪು ನೇತಾಡುತ್ತಿದ್ದ ಮೊಳೆ ಸಮೇತ. ಅಧ್ಯಕ್ಷರು ಹಸಿರು ಬಾವುಟ ಬೀಸುವವರಂತೆ ಕೈ ಎತ್ತಿ ನಿಂತಿದ್ದರು. ಡಾಕ್ಟರು ಕಣ್ಣೊರೆಸಿಕೊಂಡರು. ಅವಳು ತನ್ನ ಕೋಣೆಯ ಒಂದು ಪಕ್ಕೆ ಗಾಳಿಯಲ್ಲಿ ತೇಲಿಹೋಗುವುದನ್ನು, ಅದರ ಕಿಟಕಿಯೊಳಗಿಂದ ಆಚೆ ಬೀದಿಯ ಅಂಗಡಿಯ ಬೋರ್ಡು ಕಾಣಿಸುವುದನ್ನು ನೋಡುತ್ತ ನಿಂತಳು.

ಕಿತ್ತು ತಂದ ಮರವನ್ನು ಒಂದು ವರ್ಷ ಕದಲಿಸಬಾರದು. ಗೋಡೆಯನ್ನು ಮುಂದಿನ ಅಂಗಳದಲ್ಲಿ, ಗೇಟಿಗೂ ಮುಂಬಾಗಿಲಿಗೂ ನಡುವೆ ನಿಲ್ಲಿಸಿ ನಾಲ್ಕೂ ಕಡೆ ಹಗ್ಗ ಕಟ್ಟಿದರು. ಬಾಗಿಲಲ್ಲಿ ಕೂತ ಅತ್ತೆಗೆ ರಸ್ತೆ ಮರೆಯಾಯಿತು. ಅರ್ಧ ದಿನ ಗೊಣಗಿದರು. ಮಧ್ಯಾಹ್ನದ ಮೇಲೆ ಕುರ್ಚಿಯನ್ನು ಎಳೆದುಕೊಂಡು ಹೋಗಿ ಆ ಗೋಡೆಯ ಹಿಂದೆ ಹಾಕಿಕೊಂಡು, ಕಿಟಕಿ ತೆರೆದು ಕೂತರು. ಎಡಕ್ಕೂ ಬಲಕ್ಕೂ ಬಟಾಬಯಲು. ಆದರೂ ಅವರು ಕಿಟಕಿಯಿಂದಲೇ ನೋಡುತ್ತಿದ್ದರು, ಕಿಟಕಿಯಿಂದಲೇ ಮಾತಾಡಿಸುತ್ತಿದ್ದರು. ಅಂಚೆಯವನು ಸುತ್ತಿಕೊಂಡು ಬರಬಹುದಾಗಿದ್ದರೂ ಕಾಗದಗಳನ್ನು ಕಂಬಿಗಳ ನಡುವಿನಿಂದಲೇ ಕೊಡತೊಡಗಿದ. ಒಮ್ಮೆ ಜೋರು ಗಾಳಿ ಬೀಸಿದಾಗ ಅತ್ತೆ ಕಿಟಕಿ ಮುಚ್ಚಿ, "ಈಗ ಪರವಾಗಿಲ್ಲ," ಎಂದರು.

ಇತ್ತ ಅವಳು ದಪ್ಪ ಕ್ಯಾನ್ವಾಸು ತರಿಸಿ, ಅಂಚಿಗೆ ಹಿತ್ತಾಳೆ ಬಳೆ ಕೂರಿಸಿ, ಗೋಡೆಯಿದ್ದ ಜಾಗಕ್ಕೆ ಇಳಿಬಿಡುವ ಪರದೆ ಹೊಲಿದಳು. ಮಷೀನಿನಲ್ಲೇ ಹೊಲಿದಳು. ಈಗ ಅದುರಿದರೆ ಬೇಡವೆನ್ನುವವರಿರಲಿಲ್ಲ. ಮೊದಲ ದಿನ ರಸ್ತೆಗೆ ಬೆನ್ನು ಮಾಡಿ ಕೂತಳು. ಹೋಗುವ ಬರುವವರೆಲ್ಲ ತನ್ನ ಕತ್ತಿನ ಹಿಂಭಾಗವನ್ನೇ ನೋಡುತ್ತಿದ್ದಾರೆನಿಸಿ, ನೆಟ್ಟಗೆ ಹೊಲಿದದ್ದೆಲ್ಲ ಸೊಟ್ಟವಾಯಿತು. ನೋಡಿದರೆ ನೋಡಲಿ, ಯಾರು ನೋಡುತ್ತಾರೆಂದಾದರೂ ತಿಳಿಯಲಿ ಎಂದು ಮರುದಿನ ಮಷೀನನ್ನೇ ತಿರುಗಿಸಿದಳು. ಯಾರೂ ಅಷ್ಟಾಗಿ ನೋಡುತ್ತಿರಲಿಲ್ಲ.

ನರ್ಸಮ್ಮ ರಸ್ತೆಯಿಂದ ನೇರವಾಗಿ ಒಳಗೆ ಕಾಲಿಟ್ಟಳು. "ಅಕ್ಕಾ, ಇದು ಚೆನ್ನಾಗಾಯ್ತಲ್ಲ. ಅಜ್ಜಿ ಎಲ್ಲಿ?"

"ಕಿಟಕಿ ಹತ್ರ."

"ಯಾವ ಕಿಟಕಿ?"

"ಅಂಗಳದ ಕಿಟಕಿ."

ನರ್ಸಮ್ಮ ಬಗ್ಗಿ ಆ ಕಡೆ ನೋಡಿ, ಬಾಯಿಗೆ ಸೆರಗಿಲ್ಲದ್ದರಿಂದ ಕೋಟಿನ ತೋಳನ್ನೇ ಅಡ್ಡ ಹಿಡಿದು ನಕ್ಕಳು. "ನಮ್ಮ ವಾರ್ಡಿನವರಿಗೆಲ್ಲ ಹೇಳ್ತೀನಿ ತಾಳು."

ಹೇಳಿದಳು. ಪಾಳಿ ಮುಗಿಸಿ ಹೋಗುವಾಗ ಒಬ್ಬಳು ಕೋಟು ತಂದಳು, ಇನ್ನೊಬ್ಬಳು ಮಗಳ ಲಂಗ ತಂದಳು. ಬಸ್ ಕಂಡಕ್ಟರಳೊಬ್ಬಳು ಹರಿದ ಜೇಬು ಹೊಲಿಸಿಕೊಳ್ಳಲು ನಿಂತವಳು ಚಹಾ ಕುಡಿದು ಹೋದಳು. ಯಾರ ಗಂಡ ಎಲ್ಲಿದ್ದಾನೆಂದು ಯಾರೂ ಕೇಳಲಿಲ್ಲ. ಕೇಳದಿದ್ದುದರಿಂದ ಅವರೇ ಹೇಳುತ್ತಿದ್ದರು, ಅವಳು ಗುರುತು ಹಾಕುತ್ತ ಹೂಂಗುಟ್ಟುತ್ತಿದ್ದಳು. ಹೊಲಿಯಬೇಕಾದ ಬಟ್ಟೆ ಮಷೀನಿನ ಎರಡೂ ಪಕ್ಕ ಗುಡ್ಡೆ ಬಿತ್ತು. ಸಂಜೆ ಪರದೆ ಇಳಿಬಿಡುವಾಗ ಕೈ ಸೋತಿರುತ್ತಿತ್ತು. ಆದರೂ ಒಂದು ಅಂಚನ್ನು ಸ್ವಲ್ಪ ಎತ್ತಿ, ಬೀದಿ ದೀಪ ಹತ್ತುವ ತನಕ ಹೊರಗೆ ನೋಡುತ್ತ ಕೂತಿರುವುದು ಅವಳಿಗೆ ರೂಢಿಯಾಯಿತು.

"ಗೋಡೆ ಯಾವಾಗ?" ಎಂದು ಮೊದಮೊದಲು ದಿನಾ ಕೇಳುತ್ತಿದ್ದವಳು ಯಾವಾಗ ಕೇಳುವುದನ್ನು ಬಿಟ್ಟಳೋ ಅವಳಿಗೇ ಗೊತ್ತಾಗಲಿಲ್ಲ. ಗಂಡನಿಗೆ ಗೊತ್ತಾಯಿತು. ಹೆಂಡತಿ ಮುನಿಸಿಕೊಂಡಿದ್ದಾಳೆಂದು ತಿಳಿದ.

ವರ್ಷ ತುಂಬಿದಾಗ ಮರ ಚಿಗುರಿತ್ತು. ಬೋನ್ಸಾಯ್ ಸ್ಪರ್ಧೆಯ ತೀರ್ಪುಗಾರರು, ಗೋಡೆಯನ್ನು ಪ್ರದರ್ಶನಕ್ಕೆ ಒಯ್ಯಲಾಗದಿದ್ದುದರಿಂದ, ತಾವೇ ಮನೆಗೆ ಬಂದರು. ಕುಳ್ಳಗಿನ, ಮಿತಭಾಷಿ ಮನುಷ್ಯ. ಗೋಡೆಯ ಸುತ್ತ ಎರಡು ಸುತ್ತು ಬಂದು ಕಿಟಕಿಯ ಮುಂದೆ ನಿಂತರು.

"ಈ ಅಮ್ಮನವರು ಮರಕ್ಕೆ ಸೇರಿದವರಾ?"

"ಇಲ್ಲ ಸಾರ್, ನಮ್ಮ ತಾಯಿ."

"ಮುಂಭಾಗ ಯಾವುದು?"

ಅಲ್ಲಿಗೆ ಸಂಘ ಎರಡು ಹೋಳಾಯಿತು. ಕಾಂಡ ಇರುವ ಹೊರಮೈಯೇ ಮುಂಭಾಗ ಎಂದರು ಅಧ್ಯಕ್ಷರು. ಬೇರು ಕಾಣುವ ಒಳಮೈ ಎಂದರು ಡಾಕ್ಟರು. "ನಾನು ಕೂತಿರೋದು ಹಿಂದೆ ಅಂತ ಯಾರೋ ಹೇಳಿದ್ದು?" ಎಂದರು ಅತ್ತೆ. ತೀರ್ಪುಗಾರರು ಕೈಗಡಿಯಾರ ನೋಡಿಕೊಂಡು, "ಮರ ಚೆನ್ನಾಗಿದೆ. ಕುಂಡ ದೊಡ್ಡದಾಯ್ತು," ಎಂದು ಹೇಳಿ ಹೊರಟುಹೋದರು.

ಸಂಘದವರು ಕುಗ್ಗಲಿಲ್ಲ. ಕುಂಡವನ್ನು, ಅಂದರೆ ಗೋಡೆಯನ್ನು, ವರ್ಷಕ್ಕೊಂದು ಸಾಲು ಇಟ್ಟಿಗೆಯ ಲೆಕ್ಕದಲ್ಲಿ ಸವರುತ್ತ ಬರುವುದೆಂದು ತೀರ್ಮಾನವಾಯಿತು. "ಮೊಮ್ಮಕ್ಕಳ ಕಾಲಕ್ಕೆ ಸರಿಯಾದ ಅಳತೆಗೆ ಬರುತ್ತೆ," ಎಂದರು ಅಧ್ಯಕ್ಷರು, ಗಾಡಿ ಸಮಯಕ್ಕೆ ಸರಿಯಾಗಿ ಬರಲಿದೆ ಎನ್ನುವ ತೃಪ್ತಿಯಲ್ಲಿ.

ಆ ಸಂಜೆ ಗಂಡ ಅವಳ ಕೋಣೆಗೆ ಬಂದು ಬಟ್ಟೆಯ ಗುಡ್ಡೆಯ ಪಕ್ಕ ನಿಂತ. ಅವನ ಮುಖದಲ್ಲಿ ತಪ್ಪಿತಸ್ಥನ ಪ್ರೀತಿ ಇತ್ತು.

"ನಾಳೆ ಗಾರೆಯವನು ಬರ್ತಾನೆ. ಕೊಟ್ಟ ಮಾತು ಮರೆತಿಲ್ಲ ನಾನು. ಮೊದಲಿನ ಹಾಗೇ ಗೋಡೆ, ಮೊದಲಿನ ಜಾಗದಲ್ಲೇ ಕಿಟಕಿ."

ಅವಳು ಮಷೀನು ನಿಲ್ಲಿಸಿದಳು.

"ಒಂದೇ ಒಂದು ಬದಲಾವಣೆ," ಎಂದು ಅವನು ಉತ್ಸಾಹದಿಂದ ಮುಂದುವರಿಸಿದ. "ಸಂಘದಲ್ಲಿ ಮಾತಾಡಿಕೊಂಡಿದೀವಿ. ಗೋಡೆ ಕಟ್ಟುವಾಗಲೇ ಅಲ್ಲಲ್ಲಿ ಬಿರುಕು ಬಿಡಿಸೋದು. ಹಕ್ಕಿ ಕೂರೋಕೆ ಒಂದು ಕೋಲು ಇಡೋದು. ಬೀಜ ಬಿದ್ದರೆ ನೀನು ಹೇಗೂ ನೀರು ಚೆಲ್ಲುತ್ತೀಯ. ಈ ಸಲ ಸಣ್ಣ ಸಣ್ಣ ತುಂಡಾಗಿ ಬಿಡಿಸೋ ಹಾಗೆ ಕಟ್ಟಿಸಿದ್ರೆ, ಮುಂದೆ ನಿನಗೂ ತೊಂದರೆ ಇಲ್ಲ."

"ನನಗೆ ತೊಂದರೆ ಇಲ್ಲ," ಎಂದಳು ಅವಳು.

"ಕೋಪ ಇಲ್ಲ ತಾನೇ?"

"ಇಲ್ಲ ರೀ."

ಅದು ನಿಜವೂ ಆಗಿತ್ತು. ಅವನ ಅಂಗಿಯ ಮೇಲಿನ ಗುಂಡಿ ಸಡಿಲವಾಗಿತ್ತು. ನಿಂತಲ್ಲೇ ನಿಲ್ಲಿಸಿ, ದಾರ ಎಳೆದು ಬಿಗಿ ಮಾಡಿ ಕಳಿಸಿದಳು.

ಮರುದಿನ ಗಾರೆಯವನು ಬರುವ ಹೊತ್ತಿಗೆ ಗಂಡ ಅಂಗಡಿಗೆ ಹೋಗಿದ್ದ. ಅತ್ತೆ ಅಂಗಳದ ಕಿಟಕಿಯಲ್ಲಿ ಹಾಲಿನವನ ಜೊತೆ ವಾದಕ್ಕೆ ಬಿದ್ದಿದ್ದರು. ಕೋಣೆಯಲ್ಲಿ ಕಂಡಕ್ಟರಳು ತೋಳು ಚಾಚಿ ನಿಂತಿದ್ದಳು. ಆಕೆಯ ಭುಜದಿಂದ ಮಣಿಕಟ್ಟಿಗೆ ಅವಳು ಟೇಪು ಹಿಡಿದಿದ್ದಳು. ಗಾರೆಯವನು ಗೋಡೆಯಿಲ್ಲದ ಕಡೆ ಈ ತುದಿಯಿಂದ ಆ ತುದಿಗೆ ದಾರ ಎಳೆದ. ದಾರ ಬಿಗಿಯಾದ ಕೂಡಲೇ, ಒಳಗೆ ಬರಲಿದ್ದ ಹೆಂಗಸೊಬ್ಬಳು, ಹೊಲಿಸಲೆಂದು ಮಡಿಸಿ ತಂದ ಪರದೆ ಬಟ್ಟೆಯನ್ನು ಎದೆಗೊತ್ತಿಕೊಂಡು, ಅದರ ಆಚೆಯೇ ನಿಂತುಬಿಟ್ಟಳು. ಬರೀ ದಾರ. ಬಗ್ಗಿದರೆ ದಾಟಬಹುದಿತ್ತು, ಆದರೆ ಆಕೆ ದಾಟಲಿಲ್ಲ.

"ಅಂಗಡಿ ಮುಚ್ಚಿದೀರಾ?" ಎಂದು ಕೇಳಿದಳು ಆ ಹೆಂಗಸು.

ಅಂಗಡಿ. ಅವಳ ಕೋಣೆಯನ್ನು ಯಾರೂ ಹಾಗೆ ಕರೆದಿರಲಿಲ್ಲ. ಅವಳೂ ಕರೆದಿರಲಿಲ್ಲ.

"ಅಮ್ಮಾ, ಕಿಟಕಿ ಎಲ್ಲಿ ಬರಬೇಕು?" ಎಂದ ಗಾರೆಯವನು. "ನಿಮ್ಮ ಯಜಮಾನರು ಹೇಳಿದಲ್ಲೇನಾ?"

ಅವಳು ಅವನನ್ನು ನೋಡಿದಳು, ದಾರವನ್ನು ನೋಡಿದಳು. ಇಲ್ಲಿ ಗೋಡೆ ಏಳುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಕಿಟಕಿಯೂ ಬೇಡ. ಎಳೆದರೆ ಇಳಿಯುವ, ದೂಡಿದರೆ ಏರುವ ಕಬ್ಬಿಣದ ಷಟರು, ಈ ಮೂಲೆಯಿಂದ ಆ ಮೂಲೆಯವರೆಗೆ, ಬೀಗದ ಕೈ ಒಂದೇ, ಅದು ತನ್ನ ಹತ್ತಿರ. ಗಂಡನಿಗೆ ಹೇಳಲು ಸಮಯವಿದೆ. ಅವನು ಬೇಸರಪಟ್ಟುಕೊಳ್ಳುತ್ತಾನೆ, ಸಂಘದವರು ಇನ್ನೂ ಹೆಚ್ಚು. ಪಡಲಿ.

"ಇವತ್ತು ಬೇಡಪ್ಪ. ಆ ದಾರ ಬಿಚ್ಚು, ಗಿರಾಕಿ ನಿಂತಿದಾರೆ," ಎಂದಳು. "ಏನು ಅಂತ ಆಮೇಲೆ ಹೇಳಿ ಕಳಿಸ್ತೀನಿ."

ಗಾರೆಯವನು ದಾರ ಸುತ್ತಿಕೊಂಡ. ಹೆಂಗಸು ಒಳಗೆ ಬಂದಳು. ಅವಳು ಕಂಡಕ್ಟರಳ ಇನ್ನೊಂದು ತೋಳನ್ನು ಎತ್ತಿ ಹಿಡಿದು, ಅಳತೆಯನ್ನು ಮನಸ್ಸಿನಲ್ಲೇ ಗುರುತು ಹಾಕಿಕೊಂಡಳು.